ಸಣ್ಣ ನಾಯಿಗೆ ಸರಿಯಾದ ಆಹಾರ: ತೂಕದಿಂದ ತಟ್ಟೆಯವರೆಗೆ

ಐದು ಕಿಲೋ ತೂಗುವ ನಾಯಿಯೊಂದಕ್ಕೆ ದಿನಕ್ಕೆ ಬೇಕಾಗುವ ಒಣ ಆಹಾರ 100 ಗ್ರಾಂನ ಆಸುಪಾಸು. ಅದರ ಸ್ನಾಯು, ಮೂಳೆ, ಚರ್ಮ, ಕೂದಲು ಎಲ್ಲಕ್ಕೂ ಬೇಕಾದ ಪೋಷಕಾಂಶಗಳು ಆ ಒಂದೆರಡು ಹಿಡಿಯೊಳಗೇ ಅಡಕವಾಗಿರಬೇಕು. ಮೂವತ್ತು ಕಿಲೋದ ಲ್ಯಾಬ್ರಡಾರ್‌ಗೆ ಮನೆಯವರು ಪ್ರೀತಿಯಿಂದ ಹಾಕಿದ ಒಂದು ಚಪಾತಿ ದಿನದ ಲೆಕ್ಕದಲ್ಲಿ ಎಲ್ಲೋ ಸೇರಿಹೋಗುತ್ತದೆ. ಅದೇ ಚಪಾತಿ ಮೂರು ಕಿಲೋದ ಪೊಮೆರೇನಿಯನ್‌ಗೆ ಹೆಚ್ಚುಕಡಿಮೆ ಅರ್ಧ ದಿನದ ಊಟ. ಸಣ್ಣ ನಾಯಿಯ ಆಹಾರದ ಕಷ್ಟವೆಲ್ಲ ಇರುವುದು ಈ ಅಳತೆಯಲ್ಲಿ. ಯಾವ ಕಂಪನಿಯ ಪೊಟ್ಟಣ ಒಳ್ಳೆಯದು ಎಂಬುದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ. ಆದ್ದರಿಂದ ಈ ಲೇಖನದಲ್ಲಿಯೂ ಅದು ನಾಲ್ಕನೆಯ ಹೆಜ್ಜೆಯಾಗಿಯೇ ಬರುತ್ತದೆ.

ಇಲ್ಲಿ ಸಣ್ಣ ನಾಯಿ ಎಂದರೆ ಪೂರ್ತಿ ಬೆಳೆದ ಮೇಲೂ ಹತ್ತು ಕಿಲೋ ಮೀರದ ನಾಯಿ ಎಂದಿಟ್ಟುಕೊಳ್ಳೋಣ. ಪಗ್, ಶಿಟ್ಜು, ಲಾಸಾ ಆಪ್ಸೊ, ಪುಟ್ಟ ಡ್ಯಾಶ್‌ಹೌಂಡ್, ಮಾಲ್ಟೀಸ್, ಚಿವಾವಾ, ಪೊಮೆರೇನಿಯನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಗಾತ್ರದಲ್ಲಿ ಇವುಗಳಷ್ಟೇ ಇರುವ ಮಿಶ್ರತಳಿಯ ನಾಯಿಗಳಿಗೂ ಇಲ್ಲಿನ ಮಾತು ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ತಳಿಯ ಹೆಸರನ್ನು ಬಿಟ್ಟು ತೂಕವನ್ನು ನೋಡಿ

ನಮ್ಮ ಊರುಗಳಲ್ಲಿ ‘ಪೊಮೆರೇನಿಯನ್’ ಎಂದು ಸಾಕಿರುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ತಳಿಯವು. ನಿಜವಾದ ಪೊಮೆರೇನಿಯನ್ ಒಂದೂವರೆಯಿಂದ ಮೂರು ಕಿಲೋ ತೂಗಿದರೆ, ಸಣ್ಣ ಬಗೆಯ ಇಂಡಿಯನ್ ಸ್ಪಿಟ್ಜ್ ಐದರಿಂದ ಏಳು ಕಿಲೋ ತೂಗುತ್ತದೆ, ದೊಡ್ಡ ಬಗೆಯದು ಅದಕ್ಕೂ ಹೆಚ್ಚು. ತಳಿಯ ಹೆಸರನ್ನು ನಂಬಿ ಪೊಟ್ಟಣದ ಮೇಲಿನ ಪಟ್ಟಿಯಂತೆ ಆಹಾರ ಹಾಕಿದರೆ ಎಲ್ಲಿ ಎಡವುತ್ತೇವೆ ಎಂಬುದು ಇದರಿಂದಲೇ ತಿಳಿಯುತ್ತದೆ. ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಎರಡರ ವ್ಯತ್ಯಾಸವೇ ನಾಯಿಯ ತೂಕ. ಮೂರು ಕಿಲೋಗಿಂತ ಕಡಿಮೆ ಇರುವ ಮರಿಗಳಿಗೆ ಈ ವಿಧಾನ ಅಷ್ಟು ನಿಖರವಲ್ಲ. ಅವುಗಳನ್ನು ಪಶು ಆಸ್ಪತ್ರೆಯಲ್ಲಿ ತೂಗಿಸುವುದು ಮೇಲು, ಇಲ್ಲವೇ ಅಡುಗೆಮನೆಯ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ತೂಗಬಹುದು.

ಯಂತ್ರದಲ್ಲಿ ಕಂಡ ತೂಕ ಆ ನಾಯಿಗೆ ಇರಬೇಕಾದ ತೂಕವೇ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಪಕ್ಕೆಲುಬುಗಳ ಮೇಲೆ ಬೆರಳುಗಳನ್ನು ಒತ್ತಡವಿಲ್ಲದೆ ಆಡಿಸಿ. ಎಲುಬುಗಳು ತೆಳುವಾದ ಪದರದ ಕೆಳಗೆ ಒಂದೊಂದಾಗಿ ಕೈಗೆ ಸಿಕ್ಕರೆ, ಮೇಲಿನಿಂದ ನೋಡಿದಾಗ ಸೊಂಟ ಒಳಗೆ ಬಾಗಿದ್ದರೆ, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲಕ್ಕೆ ಏರಿದ್ದರೆ ಮೈಕಟ್ಟು ಸರಿಯಾಗಿದೆ ಎಂದರ್ಥ. ಪಶುವೈದ್ಯರು ಬಳಸುವ ಒಂಬತ್ತು ಅಂಕಗಳ ಅಳತೆಯಲ್ಲಿ ಇದು 4 ಅಥವಾ 5. ಎಲುಬನ್ನು ಹುಡುಕಲು ಒತ್ತಬೇಕಾಗಿ ಬಂದರೆ ನಾಯಿ ಮೈ ಬೆಳೆಸಿಕೊಂಡಿದೆ. ಸ್ಪಿಟ್ಜ್, ಶಿಟ್ಜು ಮುಂತಾದ ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣಿನ ಅಂದಾಜು ಪೂರ್ತಿ ತಪ್ಪುತ್ತದೆ. ಪಗ್‌ಗಳಲ್ಲಂತೂ ದಪ್ಪಗಿರುವುದೇ ಲಕ್ಷಣ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೊದಲೇ ಉಸಿರಾಟಕ್ಕೆ ಕಷ್ಟಪಡುವ ಆ ಚಪ್ಪಟೆ ಮೂಗಿನ ನಾಯಿಗೆ, ಹಾಗೆಯೇ ಬೆನ್ನುಹುರಿಯ ತೊಂದರೆ ಸಾಮಾನ್ಯವಾಗಿರುವ ಡ್ಯಾಶ್‌ಹೌಂಡ್‌ಗೆ, ಹೆಚ್ಚಿದ ಒಂದೊಂದು ಕಿಲೋವೂ ನೇರವಾದ ಹೊರೆ.

ವಯಸ್ಸಿನ ವಿಷಯದಲ್ಲಿ ಸಣ್ಣ ನಾಯಿಗಳದು ಬೇರೆಯೇ ಲೆಕ್ಕ. ದೊಡ್ಡ ತಳಿಗಳು ಪೂರ್ತಿ ಬೆಳೆಯಲು ಒಂದೂವರೆಯಿಂದ ಎರಡು ವರ್ಷ ಹಿಡಿದರೆ, ಇವು ಹತ್ತರಿಂದ ಹನ್ನೆರಡು ತಿಂಗಳಿಗೆಲ್ಲ ಬೆಳವಣಿಗೆ ಮುಗಿಸುತ್ತವೆ. ಅಲ್ಲಿಯವರೆಗೆ ಮರಿಗಳ ಆಹಾರ, ಆಮೇಲೆ ವಯಸ್ಕ ನಾಯಿಯ ಆಹಾರ. ವರ್ಷ ಕಳೆದ ಮೇಲೂ ಮರಿಗಳ ಆಹಾರವನ್ನೇ ಮುಂದುವರಿಸಿದರೆ ಮೈ ಬರುತ್ತದೆಯೇ ಹೊರತು ನಾಯಿ ಬೆಳೆಯುವುದಿಲ್ಲ.

ಎರಡನೆಯ ಹೆಜ್ಜೆ: ದಿನಕ್ಕೆ ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಹಾಕಿ

ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ ಎಂದು ಬರೆದಿರುವುದನ್ನೇ ಇಲ್ಲಿ ರೂಢಿಯಂತೆ ಕ್ಯಾಲೊರಿ ಎಂದು ಕರೆದಿದ್ದೇನೆ. ನಾಯಿಗೆ ಬೇಕಾಗುವ ಶಕ್ತಿ ಅದರ ತೂಕದ ಜೊತೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಪುಟ್ಟ ದೇಹ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಶಾಖವನ್ನು ಕಳೆದುಕೊಳ್ಳುತ್ತದೆ, ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಆದ್ದರಿಂದ ಮೂವತ್ತು ಕಿಲೋದ ನಾಯಿಗೆ ಪ್ರತಿ ಕಿಲೋ ತೂಕಕ್ಕೆ ಸುಮಾರು 48 ಕ್ಯಾಲೊರಿ ಸಾಕಾದರೆ, ಮೂರು ಕಿಲೋದ ನಾಯಿಗೆ ಸುಮಾರು 85 ಬೇಕಾಗುತ್ತದೆ. ಪಶುವೈದ್ಯರು ಬಳಸುವ ಸೂತ್ರ ಕಠಿಣವಾಗಿ ಕಂಡರೂ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಅದನ್ನು ಬಿಡಿಸಬಹುದು. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದ ಸಂಖ್ಯೆಯ ವರ್ಗಮೂಲವನ್ನು ತೆಗೆಯಿರಿ, ಅದರ ವರ್ಗಮೂಲವನ್ನು ಮತ್ತೊಮ್ಮೆ ತೆಗೆಯಿರಿ, ಕೊನೆಗೆ 70ರಿಂದ ಗುಣಿಸಿ. ಐದು ಕಿಲೋದ ನಾಯಿಯಾದರೆ 5×5×5 ಸೇರಿ 125, ಅದರ ವರ್ಗಮೂಲ 11.18, ಅದರದೂ ವರ್ಗಮೂಲ 3.34, ಎಪ್ಪತ್ತರಿಂದ ಗುಣಿಸಿದರೆ 234. ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ ಇದು.

ಸಂತಾನಶಕ್ತಿಹರಣ ಚಿಕಿತ್ಸೆಯಾಗಿರುವ, ದಿನಕ್ಕೆರಡು ಬಾರಿ ತಿರುಗಾಡುವ ವಯಸ್ಕ ನಾಯಿಗೆ ಈ ಸಂಖ್ಯೆಯನ್ನು 1.6ರಿಂದ ಗುಣಿಸಬೇಕು, ಚಿಕಿತ್ಸೆಯಾಗಿರದಿದ್ದರೆ 1.8ರಿಂದ. ಅಪಾರ್ಟ್‌ಮೆಂಟಿನ ಸೋಫಾದ ಮೇಲೆಯೇ ದಿನ ಕಳೆಯುವ ನಾಯಿಯಾದರೆ 1.2ರಿಂದ 1.4 ಸಾಕು. ನಾಲ್ಕು ತಿಂಗಳೊಳಗಿನ ಮರಿಗೆ 3ರಿಂದ, ಆಮೇಲೆ ಬೆಳೆಯುವವರೆಗೆ 2ರಿಂದ ಗುಣಿಸುವುದು ವಾಡಿಕೆ. 1.6ರ ಲೆಕ್ಕದಲ್ಲಿ ಎರಡು ಕಿಲೋದ ನಾಯಿಗೆ ಸುಮಾರು 190, ಮೂರಕ್ಕೆ 255, ಐದಕ್ಕೆ 375, ಏಳಕ್ಕೆ 480, ಹತ್ತಕ್ಕೆ 630 ಕ್ಯಾಲೊರಿ ಬರುತ್ತದೆ. ಇವು ಹೊರಡುವ ಜಾಗವಷ್ಟೇ. ಒಂದೇ ತೂಕದ ಎರಡು ನಾಯಿಗಳ ನಡುವೆಯೂ ಸಾಕಷ್ಟು ಅಂತರವಿರಬಹುದು. ಚಿಕಿತ್ಸೆಯ ಬಳಿಕ ಶಕ್ತಿಯ ಅಗತ್ಯ ತಗ್ಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಆ ತಿಂಗಳುಗಳಲ್ಲಿಯೇ ಹೆಚ್ಚಿನ ಸಣ್ಣ ನಾಯಿಗಳು ದಪ್ಪಗಾಗುವುದು.

ಮೂರನೆಯ ಹೆಜ್ಜೆ: ಮನೆಯೂಟವೋ, ಪೊಟ್ಟಣದ ಆಹಾರವೋ ಎಂದು ನಿರ್ಧರಿಸಿ

ನಮ್ಮ ಅಜ್ಜಿಯರ ಕಾಲದಲ್ಲಿ ನಾಯಿಗಳು ಅನ್ನ, ಮುದ್ದೆ ತಿಂದೇ ಚೆನ್ನಾಗಿರಲಿಲ್ಲವೇ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ನಾಯಿ ಪಿಷ್ಟವನ್ನು ಜೀರ್ಣಿಸಿಕೊಳ್ಳಬಲ್ಲ ಪ್ರಾಣಿ. ಪಿಷ್ಟವನ್ನು ಒಡೆಯುವ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಿವೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಹೀಗಾಗಿ ಅನ್ನವಾಗಲಿ ರಾಗಿಯಾಗಲಿ ನಾಯಿಗೆ ವಿಷವಲ್ಲ. ಆದರೆ ಆ ಕಾಲದ ನಾಯಿ ಹಟ್ಟಿ, ತೋಟ, ಗದ್ದೆ ಸುತ್ತಿ ಇಲಿ, ಹುಳ, ಎಲುಬು ಎಂದು ತನ್ನ ಪಾಲಿನ ಉಳಿದ ಪೋಷಕಾಂಶಗಳನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಮೂರನೆಯ ಮಹಡಿಯ ಫ್ಲ್ಯಾಟಿನ ಶಿಟ್ಜುವಿಗೆ ನೀವು ಹಾಕಿದ್ದು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಮೊಸರನ್ನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮೂರು ಕಿಲೋದ ನಾಯಿಯ ದಿನದ 255 ಕ್ಯಾಲೊರಿಯನ್ನು 150 ಗ್ರಾಂ ಅನ್ನ, 100 ಗ್ರಾಂ ಮೊಸರಿನಿಂದ ತುಂಬಬಹುದು. ಅದರಲ್ಲಿ ಸಿಗುವ ಪ್ರೋಟೀನ್ ಏಳು ಗ್ರಾಂ ಚಿಲ್ಲರೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಎಎಎಫ್‌ಸಿಓ ಗೊತ್ತುಪಡಿಸಿದ ಮಾನದಂಡದಂತೆ ವಯಸ್ಕ ನಾಯಿಗೆ ಪ್ರತಿ 1000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್ ಬೇಕು, ಎಂದರೆ ಈ ನಾಯಿಗೆ ಹನ್ನೊಂದೂವರೆ ಗ್ರಾಂ. ಸುಣ್ಣಾಂಶವೂ ಬೇಕಾದುದರ ಅರ್ಧಕ್ಕಿಂತ ಕಡಿಮೆಯೇ ಸಿಗುತ್ತದೆ. ಕಬ್ಬಿಣ, ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ, ಅಗತ್ಯ ಕೊಬ್ಬಿನಾಮ್ಲಗಳ ಕೊರತೆ ಇನ್ನೂ ಹೆಚ್ಚು. ಹೊಟ್ಟೆ ತುಂಬುತ್ತದೆ, ತೂಕವೂ ಇಳಿಯುವುದಿಲ್ಲ, ಆದ್ದರಿಂದ ಕೊರತೆ ತಿಂಗಳುಗಟ್ಟಲೆ ಕಾಣಿಸುವುದೇ ಇಲ್ಲ. ರಾಗಿಯಲ್ಲಿ ಸುಣ್ಣಾಂಶ ಹೆಚ್ಚಿರುವುದು ನಿಜ, 100 ಗ್ರಾಂ ಹಿಟ್ಟಿನಲ್ಲಿ 340 ಮಿಲಿಗ್ರಾಂ ಮೀರುತ್ತದೆ; ಆದರೆ ಅದರಲ್ಲಿರುವ ಫೈಟೇಟ್ ಅಂಶ ಆ ಸುಣ್ಣಾಂಶದ ಒಂದು ಭಾಗವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ, ಪ್ರೋಟೀನ್ ಕೂಡ ಶೇ 7ರಷ್ಟೇ.

ಕೋಳಿ ಮಾಂಸ ಬೇಯಿಸಿ ಅನ್ನದ ಜೊತೆ ಕೊಟ್ಟರೆ ಪ್ರೋಟೀನಿನ ಪ್ರಶ್ನೆ ಬಗೆಹರಿಯುತ್ತದೆ, ಸುಣ್ಣಾಂಶದ ಪ್ರಶ್ನೆ ಮತ್ತೂ ಜಟಿಲವಾಗುತ್ತದೆ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣಾಂಶ ಅತ್ಯಲ್ಪ. ಆಹಾರದಲ್ಲಿ ಇವೆರಡರ ಅನುಪಾತ ರಂಜಕ ಒಂದಕ್ಕೆ ಸುಣ್ಣಾಂಶ ಒಂದರಿಂದ ಎರಡರೊಳಗೆ ಇರಬೇಕು. ಅದು ತಪ್ಪಿದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ತೆಗೆದು ರಕ್ತಕ್ಕೆ ಕೊಡುತ್ತದೆ, ಬೆಳೆಯುವ ಮರಿಗಳಲ್ಲಿ ಕಾಲುಗಳು ಸೊಟ್ಟಗಾಗುವುದು ಹೀಗೆ. ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆಚಿಪ್ಪು ಅಗ್ಗದ ಪರಿಹಾರ. ಅದರ ಒಂದು ಗ್ರಾಂನಲ್ಲಿ ಸುಮಾರು 380 ಮಿಲಿಗ್ರಾಂ ಸುಣ್ಣಾಂಶವಿದೆ. ಆದರೂ ಸತು, ತಾಮ್ರ, ಅಯೋಡಿನ್, ವಿಟಮಿನ್‌ಗಳು ಬಾಕಿ ಉಳಿಯುತ್ತವೆ. ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಸಿಗುತ್ತದೆ ಎಂಬುದು ನಮಗೆ ಸರಿ, ನಾಯಿಗಲ್ಲ. ಅದರ ಚರ್ಮ ಸಾಕಷ್ಟು ವಿಟಮಿನ್ ಡಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯ ತಜ್ಞರು ಪುಸ್ತಕಗಳಿಂದಲೂ ಅಂತರಜಾಲದಿಂದಲೂ 200 ಮನೆಯೂಟದ ಪಾಕವಿಧಾನಗಳನ್ನು ಆಯ್ದು ಪರಿಶೀಲಿಸಿದಾಗ, ಅವುಗಳಲ್ಲಿ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶದ ಕೊರತೆ ಕಂಡುಬಂತು. ಆ ವರದಿ 2013ರಲ್ಲಿ ಪ್ರಕಟವಾಯಿತು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮನೆಯೂಟವನ್ನೇ ಪೂರ್ಣ ಆಹಾರವಾಗಿ ಕೊಡಬೇಕೆಂಬ ಸಂಕಲ್ಪವಿದ್ದರೆ, ಪಶು ಪೋಷಣೆಯನ್ನು ಬಲ್ಲ ವೈದ್ಯರಿಂದ ಗ್ರಾಂ ಲೆಕ್ಕದ ಪಾಕವಿಧಾನವನ್ನೂ ಅದಕ್ಕೆ ಸೇರಿಸಬೇಕಾದ ಖನಿಜ–ವಿಟಮಿನ್ ಮಿಶ್ರಣವನ್ನೂ ಬರೆಸಿಕೊಂಡು, ಅದನ್ನು ತಕ್ಕಡಿಯಿಟ್ಟು ಪಾಲಿಸಿ. ಆ ಶಿಸ್ತು ಸಾಧ್ಯವಿಲ್ಲದವರಿಗೆ, ನಮ್ಮಲ್ಲಿ ಬಹುಪಾಲು ಜನರಿಗೆ, ದಿನದ ಕ್ಯಾಲೊರಿಯಲ್ಲಿ ಶೇ 90ರಷ್ಟನ್ನು ಸಮಗ್ರವಾದ ಪೊಟ್ಟಣದ ಆಹಾರದಿಂದ ಕೊಟ್ಟು ಉಳಿದ ಹತ್ತನ್ನು ಮನೆಯ ಮೊಟ್ಟೆ, ಮೊಸರು, ಬೇಯಿಸಿದ ತರಕಾರಿಗೆ ಬಿಡುವುದು ಸುಲಭದ ದಾರಿ. ಅರ್ಧ ಪೊಟ್ಟಣದ್ದು, ಅರ್ಧ ಅನ್ನ ಎಂಬ ಜನಪ್ರಿಯ ಹದ ಮಧ್ಯಮ ಮಾರ್ಗದಂತೆ ಕಂಡರೂ ಹಾಗಲ್ಲ. ಪೊಟ್ಟಣದ ಆಹಾರದಲ್ಲಿ ಲೆಕ್ಕ ಹಾಕಿ ಸೇರಿಸಿದ ಖನಿಜ, ವಿಟಮಿನ್‌ಗಳೂ ಅದರಿಂದ ಅರ್ಧಕ್ಕಿಳಿಯುತ್ತವೆ.

ಸಸ್ಯಾಹಾರಿ ಮನೆಗಳ ಬಗ್ಗೆ ಒಂದು ಮಾತು. ಬೆಕ್ಕಿನಂತೆ ನಾಯಿ ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ಸರಿಯಾಗಿ ರೂಪಿಸಿದ ಸಸ್ಯಾಹಾರದಲ್ಲಿ ವಯಸ್ಕ ನಾಯಿ ಆರೋಗ್ಯವಾಗಿರಬಲ್ಲದು. ಆದರೆ ‘ಸರಿಯಾಗಿ ರೂಪಿಸಿದ’ ಎಂಬ ಷರತ್ತನ್ನು ಮರೆಯುವಂತಿಲ್ಲ. ಬೇಳೆಯಲ್ಲಿ ಮೀಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬಿ12 ಇಲ್ಲವೇ ಇಲ್ಲ. ಮನೆಯೊಳಗೆ ಮಾಂಸ ಬೇಡವೆನ್ನುವವರು ಅನ್ನ–ಬೇಳೆಯನ್ನು ನೆಚ್ಚುವ ಬದಲು, ಸಮಗ್ರ ಆಹಾರವೆಂದು ನಮೂದಿಸಿರುವ ಸಸ್ಯಾಹಾರಿ ಪೊಟ್ಟಣವನ್ನೇ ಕೊಳ್ಳಬೇಕು. ಮೊಟ್ಟೆಗೆ ಮನೆಯಲ್ಲಿ ಅಭ್ಯಂತರವಿಲ್ಲದಿದ್ದರೆ ಇನ್ನೂ ಒಳ್ಳೆಯದು. ಬೆಳೆಯುವ ಮರಿಗೆ ಮಾತ್ರ ಪಶುವೈದ್ಯರ ಮೇಲ್ವಿಚಾರಣೆಯಿಲ್ಲದೆ ಇಂಥ ಪ್ರಯೋಗ ಬೇಡ.

ಹಸಿ ಮಾಂಸವನ್ನೇ ಕೊಡಬೇಕೆಂಬ ಹೊಸ ಒಲವನ್ನು ನಾನು ಒಪ್ಪುವುದಿಲ್ಲ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ನಾಯಿಯ ಬಾಯಿ, ತಟ್ಟೆ, ಮಲದ ಮೂಲಕ ಮನೆಯ ಮಕ್ಕಳಿಗೂ ವೃದ್ಧರಿಗೂ ತಲುಪುತ್ತದೆ.

ನಾಲ್ಕನೆಯ ಹೆಜ್ಜೆ: ಪೊಟ್ಟಣದ ಹಿಂಭಾಗವನ್ನು ಓದಿ

ಮುಂಭಾಗದ ಚಿತ್ರ, ‘ಪ್ರೀಮಿಯಂ’, ‘ನ್ಯಾಚುರಲ್’, ‘ಹೋಲಿಸ್ಟಿಕ್’ ಎಂಬ ಪದಗಳು ಒಳಗಿನ ಆಹಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ತಿರುಗಿಸಿದ ಕೂಡಲೇ ಹುಡುಕಬೇಕಾದ ವಾಕ್ಯ ಒಂದೇ: ಈ ಆಹಾರ ಸಮಗ್ರವೂ ಸಮತೋಲಿತವೂ ಆಗಿದೆಯೇ, ಹೌದಾದರೆ ಯಾವ ವಯಸ್ಸಿಗೆ. ಇಂಗ್ಲಿಷಿನಲ್ಲಿ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದಿರುತ್ತದೆ, ಜೊತೆಗೆ ಎಎಎಫ್‌ಸಿಓ ಅಥವಾ ಯುರೋಪಿನ ಫೆಡಿಯಾಫ್ ಸಂಘದ ಮಾನದಂಡದ ಉಲ್ಲೇಖವಿರುತ್ತದೆ. ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ್ದೂ ಒಂದು ಮಾನದಂಡವಿದೆ. ಗ್ರೇವಿಯ ಪುಟ್ಟ ಪೌಚ್‌ಗಳನ್ನು ಕೊಳ್ಳುವಾಗ ಈ ವಾಕ್ಯವನ್ನು ಇನ್ನಷ್ಟು ಎಚ್ಚರದಿಂದ ನೋಡಿ. ಅವುಗಳಲ್ಲಿ ಕೆಲವು ‘ಕಾಂಪ್ಲಿಮೆಂಟರಿ’, ಎಂದರೆ ಊಟದ ಜೊತೆಗೆ ಸೇರಿಸುವ ವ್ಯಂಜನವಷ್ಟೇ. ಅದನ್ನೇ ಊಟವಾಗಿಸಿದರೆ ಮೊಸರನ್ನದ ಕಥೆಯೇ ಮರುಕಳಿಸುತ್ತದೆ. ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದಿರುವುದು ದೊಡ್ಡ ತಳಿಯ ಮರಿಗಳು ನಿಧಾನವಾಗಿ ಬೆಳೆಯಲೆಂದು ರೂಪಿಸಿದ್ದು, ಸಣ್ಣ ಮರಿಗೆ ಹೊಂದುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ತರಬೇಡಿ.

ಎರಡನೆಯದಾಗಿ ಪ್ರೋಟೀನ್ ಮತ್ತು ಕೊಬ್ಬಿನ ಪ್ರಮಾಣ. ನೀರಿನಂಶವನ್ನು ಕಳೆದು ನೋಡಿದಾಗ ವಯಸ್ಕ ನಾಯಿಗೆ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಇರಬೇಕು; ಮರಿಗಳಿಗೆ ಶೇ 22.5 ಮತ್ತು ಶೇ 8.5. ನೀರನ್ನು ಕಳೆಯದೆ ಹೋಲಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಶೇ 82 ನೀರಿರುವ ಪೌಚ್ ಒಂದರ ಮೇಲೆ ಪ್ರೋಟೀನ್ ಶೇ 8 ಎಂದಿದ್ದರೆ, ಉಳಿದ 18 ಭಾಗದಲ್ಲಿ ಎಂಟು, ಎಂದರೆ ಶೇ 44. ಶೇ 10 ನೀರಿರುವ ಒಣ ಆಹಾರದ ಮೇಲೆ ಶೇ 24 ಎಂದಿದ್ದರೆ ನಿಜವಾಗಿ ಶೇ 27ರ ಒಳಗೆ.

ಕ್ಯಾಲೊರಿ ಎಷ್ಟೆಂದು ಎಲ್ಲ ಪೊಟ್ಟಣಗಳೂ ನಮೂದಿಸುವುದಿಲ್ಲ. ಆಗ ನಾವೇ ಅಂದಾಜು ಮಾಡಬಹುದು. ಪ್ರೋಟೀನ್, ಕೊಬ್ಬು, ನಾರು, ನೀರು, ಬೂದಿ (ಆಹಾರವನ್ನು ಸುಟ್ಟಾಗ ಉಳಿಯುವ ಖನಿಜಾಂಶ) ಇವುಗಳ ಶೇಕಡಾವಾರನ್ನು ನೂರರಿಂದ ಕಳೆದರೆ ಉಳಿಯುವುದು ಪಿಷ್ಟ. ಬೂದಿಯ ಪ್ರಮಾಣ ಬರೆದಿಲ್ಲದಿದ್ದರೆ 8 ಎಂದಿಟ್ಟುಕೊಳ್ಳಿ. ಪ್ರೋಟೀನನ್ನೂ ಪಿಷ್ಟವನ್ನೂ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಂನ ಕ್ಯಾಲೊರಿ ಸಿಗುತ್ತದೆ. ಪ್ರೋಟೀನ್ 24, ಕೊಬ್ಬು 12, ನಾರು 4, ನೀರು 10, ಬೂದಿ 8 ಇರುವ ಆಹಾರದಲ್ಲಿ ಪಿಷ್ಟ 42. ಒಟ್ಟು 84, 102, 147 ಸೇರಿ 333 ಕ್ಯಾಲೊರಿ. ಐದು ಕಿಲೋದ ನಾಯಿಯ 375 ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಭಾಗವನ್ನು ತಿಂಡಿತಿನಿಸಿಗೆ ಬಿಟ್ಟರೆ ಉಳಿಯುವ 337ಕ್ಕೆ ಈ ಆಹಾರ ನೂರು ಗ್ರಾಂ ಸಾಕು. ಲೇಖನದ ಮೊದಲ ಸಾಲಿನ ಸಂಖ್ಯೆ ಬಂದದ್ದು ಹೀಗೆ.

ಪದಾರ್ಥಗಳ ಪಟ್ಟಿಯಲ್ಲಿ ಹೆಸರುಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಮೊದಲ ಹೆಸರು ‘ಕೋಳಿ’ ಎಂದಿದ್ದರೆ ಸಂತೋಷಪಡುವ ಮುನ್ನ, ಅದು ನೀರು ತುಂಬಿದ ಹಸಿ ಮಾಂಸದ ತೂಕ ಎಂಬುದನ್ನು ನೆನಪಿಡಿ. ಹಾಗೆಯೇ ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲೂಟನ್, ಒಡೆದ ಮೆಕ್ಕೆಜೋಳ ಎಂದು ಒಂದೇ ಧಾನ್ಯವನ್ನು ಮೂರಾಗಿ ಬಿಡಿಸಿ ಬರೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ‘ಗ್ರೇನ್ ಫ್ರೀ’ ಎಂಬುದಕ್ಕೆ ಹೆಚ್ಚು ಹಣ ತೆರುವ ಕಾರಣ ನನಗೆ ಕಾಣುವುದಿಲ್ಲ. ಧಾನ್ಯದ ಬದಲು ಬಟಾಣಿ, ಬೇಳೆಕಾಳುಗಳನ್ನು ಹೆಚ್ಚಾಗಿ ಬಳಸಿದ ಇಂಥ ಆಹಾರಗಳಿಗೂ ನಾಯಿಗಳ ಹೃದಯ ಸ್ನಾಯುವಿನ ಕಾಯಿಲೆಗೂ ನಂಟಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಇದೇ ಎಂದು ಸಾಬೀತಾಗಿಲ್ಲವಾದರೂ, ಧಾನ್ಯದಿಂದ ತೊಂದರೆಯೇ ಇಲ್ಲದ ನಾಯಿಗೆ ಆ ಗೊಡವೆ ಏಕೆ?

ಒಣ ಆಹಾರದ ಕಾಳಿನ ಗಾತ್ರವನ್ನೂ ನೋಡಬೇಕು. ಪುಟ್ಟ ದವಡೆಯಲ್ಲಿ 42 ಹಲ್ಲುಗಳು ಒತ್ತೊತ್ತಾಗಿ ಕೂರುವುದರಿಂದ ಸಣ್ಣ ನಾಯಿಗಳಿಗೆ ಹಲ್ಲಿನ ಕಲ್ಲು, ಒಸಡಿನ ರೋಗ ಬೇಗ ಬರುತ್ತದೆ. ‘ಸ್ಮಾಲ್ ಬ್ರೀಡ್’ ಅಥವಾ ‘ಮಿನಿ’ ಎಂದಿರುವ ಆಹಾರದ ಮುಖ್ಯ ಅನುಕೂಲವೆಂದರೆ ಕಾಳು ಸಣ್ಣದು, ಕ್ಯಾಲೊರಿ ತುಸು ಸಾಂದ್ರ. ಒಣ ಕಾಳು ಕಡಿದರೆ ಹಲ್ಲು ತಾನಾಗಿಯೇ ಶುಚಿಯಾಗುತ್ತದೆ ಎಂದು ಮಾತ್ರ ನಂಬಬೇಡಿ. ನಾಯಿಗಳಿಗೆಂದೇ ತಯಾರಾದ ಪೇಸ್ಟ್ ಹಾಕಿ ಉಜ್ಜುವುದಕ್ಕೆ ಪರ್ಯಾಯವಿಲ್ಲ.

ಅಂಗಡಿಗಳಲ್ಲಿ ದೊಡ್ಡ ಚೀಲವನ್ನು ಬಿಚ್ಚಿ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ಕಾಳನ್ನು ಕೊಳ್ಳಲೇಬೇಡಿ. ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಯಾವುದೂ ಇರುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವ ತಾಗಿದ ಕಾಳಿಗೆ ಬೂಷ್ಟು ಹಿಡಿಯುವುದು ಬೇಗ, ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ದಿನಕ್ಕೆ ನೂರು ಗ್ರಾಂ ತಿನ್ನುವ ನಾಯಿಗೆ ಹತ್ತು ಕಿಲೋದ ಚೀಲ ಮೂರು ತಿಂಗಳು ಮೀರಿ ಬರುತ್ತದೆ. ತೆರೆದ ಒಂದೂವರೆ ತಿಂಗಳೊಳಗೆ ಮುಗಿಯುವಷ್ಟು ಸಣ್ಣ ಚೀಲವನ್ನು ತಂದು, ಆ ಚೀಲವನ್ನೇ ಬಾಯಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಯೊಳಗೆ ಇಡಿ.

ಐದನೆಯ ಹೆಜ್ಜೆ: ತಟ್ಟೆಗೆ ಬೀಳಬಾರದ್ದನ್ನು ಮನೆಮಂದಿಗೆಲ್ಲ ತಿಳಿಸಿ

ಯಾವ ವಿಷವಾದರೂ ದೇಹದ ತೂಕದ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಆದ್ದರಿಂದ ದೊಡ್ಡ ನಾಯಿಗೆ ದಕ್ಕಿದ್ದು ಸಣ್ಣದಕ್ಕೆ ದಕ್ಕುವುದಿಲ್ಲ. ಈರುಳ್ಳಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂನಷ್ಟಾದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯಲಾರಂಭಿಸುತ್ತವೆ, ಮೂರು ಕಿಲೋದ ನಾಯಿಗೆ ಒಂದು ಸಾಧಾರಣ ಈರುಳ್ಳಿ ಸಾಕು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಪರಿಣಾಮ ಅದೇ, ಬೇಯಿಸಿದರೂ ಹೋಗುವುದಿಲ್ಲ. ಬೆಳ್ಳುಳ್ಳಿ ಅದಕ್ಕಿಂತಲೂ ತೀಕ್ಷ್ಣ. ಸಾರು, ಹುಳಿ ಕಲಸಿದ ಅನ್ನ ಈ ಕಾರಣಕ್ಕೇ ನಾಯಿಗೆ ಸಲ್ಲದು. ಅದಕ್ಕೆ ಇನ್ನೊಂದು ಕಾರಣವೂ ಸೇರಿದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು ಅಮೆರಿಕದ ಪ್ರಾಣಿ ವಿಷತಜ್ಞರು 2021ರಲ್ಲಿ ಸೂಚಿಸಿದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಅದೇ ಆಮ್ಲದ್ದು. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿಯನ್ನು ಹೆಕ್ಕಿ ನಾಯಿಗೆ ಹಾಕುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಕಪ್ಪು ಚಾಕೊಲೇಟ್ ಹನ್ನೆರಡು ಗ್ರಾಂನಷ್ಟು ತಿಂದರೂ ಮೂರು ಕಿಲೋದ ನಾಯಿಯಲ್ಲಿ ವಾಂತಿ, ಚಡಪಡಿಕೆ ಆರಂಭವಾಗಬಹುದು. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಎಲ್ಲಕ್ಕಿಂತ ಅಪಾಯಕಾರಿ, ಕಿಲೋ ತೂಕಕ್ಕೆ ಒಂದು ಗ್ರಾಂನ ಹತ್ತರಲ್ಲೊಂದು ಭಾಗ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ. ಬಾಡೂಟದ ಮರುದಿನ ಬೇಯಿಸಿದ ಕೋಳಿಮೂಳೆ ಹಾಕುವ ಅಭ್ಯಾಸ ನಿಲ್ಲಲಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ತುಪ್ಪ ಸುರಿದ ಹೋಳಿಗೆ, ಮಟನ್ನಿನ ಕೊಬ್ಬು ಇವು ಹಬ್ಬದ ಮರುದಿನ ಮೇದೋಜೀರಕ ಗ್ರಂಥಿಯ ಉರಿಯೂತವನ್ನು ತರಬಲ್ಲವು. ಹಾಲಿನ ಲ್ಯಾಕ್ಟೋಸ್ ಹೆಚ್ಚಿನ ವಯಸ್ಕ ನಾಯಿಗಳಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ, ಮೊಸರು ಅದಕ್ಕಿಂತ ವಾಸಿ.

ವಿಷವಲ್ಲದ ತಿಂಡಿಯಲ್ಲೂ ಲೆಕ್ಕವಿರಲಿ. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ. ಐದು ಕಿಲೋದ ನಾಯಿಯ ತಿನಿಸಿನ ಪಾಲು ಒಂದೂವರೆ ಬಿಸ್ಕತ್ತಿಗೇ ಮುಗಿಯುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜ ಒಂದು, ಶಾಲೆಯಿಂದ ಬಂದ ಮಗು ಒಂದು, ಕೆಲಸದಿಂದ ಬಂದ ಅಪ್ಪ ಒಂದು ಎಂದು ಯಾರಿಗೂ ಯಾರ ಲೆಕ್ಕವೂ ತಿಳಿಯದೆ ಹಾಕುವ ಮನೆಗಳಲ್ಲಿ, ದಿನದ ಪಾಲನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಹಾಕಿಟ್ಟು, ಎಲ್ಲರೂ ಅದರಿಂದಲೇ ಕೊಡುವುದು ಒಳ್ಳೆಯ ಕ್ರಮ. ಸೌತೆಕಾಯಿ, ಬೇಯಿಸಿದ ಬೀನ್ಸ್, ಕ್ಯಾರೆಟ್ ಚೂರುಗಳಿಗೆ ನಾಯಿಗಳು ಬೇಗ ಒಗ್ಗಿಕೊಳ್ಳುತ್ತವೆ.

ಆರನೆಯ ಹೆಜ್ಜೆ: ನಿಧಾನವಾಗಿ ಬದಲಾಯಿಸಿ, ತೂಗಿ ಹಾಕಿ

ಹೊಸ ಆಹಾರವನ್ನು ಏಳು ದಿನಗಳಲ್ಲಿ ರೂಢಿ ಮಾಡಿಸಬೇಕು. ಮೊದಲ ಎರಡು ದಿನ ಕಾಲು ಭಾಗ ಹೊಸದು, ಮುಂದಿನ ಎರಡು ದಿನ ಅರ್ಧ, ಆಮೇಲೆ ಮುಕ್ಕಾಲು, ಏಳನೆಯ ದಿನ ಪೂರ್ತಿ. ನಡುವೆ ಭೇದಿಯಾದರೆ ಹಿಂದಿನ ಹಂತಕ್ಕೆ ಮರಳಿ ಒಂದೆರಡು ದಿನ ನಿಲ್ಲಿ. ಲೋಟ, ಬಟ್ಟಲಿನಿಂದ ಅಳೆಯುವ ಪದ್ಧತಿಯನ್ನು ಬಿಟ್ಟು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬಳಸಿ. ಒಂದು ಹಿಡಿಯಲ್ಲಿ ಹತ್ತು ಗ್ರಾಂ ಏರುಪೇರಾದರೂ ಐದು ಕಿಲೋದ ನಾಯಿಗೆ ಅದು ದಿನದ ಊಟದ ಹತ್ತರಲ್ಲೊಂದು ಭಾಗ.

ವಯಸ್ಕ ನಾಯಿಗೆ ದಿನಕ್ಕೆರಡು ಊಟ ಸಾಕು. ಮೂರು ತಿಂಗಳೊಳಗಿನ ಪುಟ್ಟ ಮರಿಗೆ ನಾಲ್ಕು ಬೇಕು, ಆರು ತಿಂಗಳವರೆಗೆ ಮೂರು. ಇದು ಬರಿಯ ಜೀರ್ಣಶಕ್ತಿಯ ಪ್ರಶ್ನೆಯಲ್ಲ. ಒಂದು ಕಿಲೋದ ಮರಿಯ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಡಿಮೆ, ಊಟ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಮರಿ ತೂಕಡಿಸುತ್ತ, ನಡುಗುತ್ತ, ತಡವರಿಸಿ ನಡೆಯುತ್ತಿದ್ದರೆ ಒಸಡಿಗೆ ಜೇನುತುಪ್ಪ ಅಥವಾ ಸಕ್ಕರೆ ನೀರನ್ನು ಸವರಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು.

ಹೊಸ ಆಹಾರ ಒಗ್ಗಿದೆಯೇ ಎಂಬುದನ್ನು ಹೇಳುವುದು ಮಲ, ಕೂದಲು ಮತ್ತು ತೂಕ. ಮಲ ಗಟ್ಟಿಯಾಗಿ, ಆಕಾರ ಕೆಡದಂತೆ ಎತ್ತಬರುವ ಹಾಗಿರಬೇಕು. ಕೂದಲು, ಚರ್ಮದ ಬದಲಾವಣೆಗೆ ಆರರಿಂದ ಎಂಟು ವಾರ ಕಾಯಿರಿ, ಅಲ್ಲಿಯವರೆಗೆ ವಾರಕ್ಕೊಂದು ಪೊಟ್ಟಣ ಬದಲಾಯಿಸಬೇಡಿ. ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಐದು ಕಿಲೋದ ನಾಯಿ ಅರ್ಧ ಕಿಲೋ ಏರಿದರೆ ಅದು ಶೇ 10ರ ಏರಿಕೆ. ಆಹಾರವನ್ನು ಶೇ 10ರಷ್ಟು ತಗ್ಗಿಸಿ ಮತ್ತೆ ತೂಗಿ. ಒಂದೆರಡು ಹೊತ್ತು ತಿನ್ನದೆ ಮುಖ ತಿರುಗಿಸಿದ ಕೂಡಲೇ ಕೋಳಿ ಬೆರೆಸಿ ಪುಸಲಾಯಿಸಿದರೆ, ಮೂರನೆಯ ಹೊತ್ತಿಗೆ ಅದು ಕೋಳಿಗಾಗಿ ಕಾಯುವುದನ್ನು ಕಲಿತಿರುತ್ತದೆ. ತಟ್ಟೆಯನ್ನು ಇಪ್ಪತ್ತು ನಿಮಿಷ ಇಟ್ಟು ಎತ್ತಿಬಿಡಿ. ಇದು ಆರೋಗ್ಯವಾಗಿರುವ ವಯಸ್ಕ ನಾಯಿಗೆ ಮಾತ್ರ. ಮರಿಗಳಿಗೆ ಈ ಉಪಾಯ ಸಲ್ಲದು, ಒಂದು ಇಡೀ ದಿನ ಏನೂ ತಿನ್ನದ ನಾಯಿಗಂತೂ ವೈದ್ಯರೇ ಬೇಕು.

ಕಾಯಿಲೆ ಇರುವ ನಾಯಿಗೆ

ಮೇಲಿನ ಲೆಕ್ಕಗಳೆಲ್ಲ ಆರೋಗ್ಯವಂತ ನಾಯಿಯವು. ಶಿಟ್ಜುಗಳಲ್ಲಿ ಮೂತ್ರಕೋಶದ ಕಲ್ಲು ಸಾಮಾನ್ಯ, ಅಂಥ ನಾಯಿಗೆ ನೀರಿನಂಶ ಹೆಚ್ಚಿರುವ ಆಹಾರ ಬೇಕಾಗುತ್ತದೆ. ಮೂತ್ರಪಿಂಡದ ಕಾಯಿಲೆಯಲ್ಲಿ ರಂಜಕವನ್ನು ಕಡಿಮೆ ಮಾಡಬೇಕು. ಮೇದೋಜೀರಕದ ಉರಿಯೂತ ಒಮ್ಮೆ ಬಂದ ನಾಯಿಗೆ ಕೊಬ್ಬನ್ನು ಕಟ್ಟುನಿಟ್ಟಾಗಿ ಮಿತಗೊಳಿಸಬೇಕು. ಇವಕ್ಕೆಂದೇ ಇರುವ ಚಿಕಿತ್ಸಕ ಆಹಾರಗಳನ್ನು ಪಶುವೈದ್ಯರು ಬರೆದುಕೊಡದೆ ಕೊಳ್ಳಬೇಡಿ, ಒಂದು ಕಾಯಿಲೆಗೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಬಗೆಹರಿಯದ ಪ್ರಶ್ನೆಗಳಿಗೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳನ್ನು ಆಶ್ರಯಿಸಬಹುದು. ಹೋಗುವಾಗ ಪೊಟ್ಟಣದ ಹಿಂಭಾಗದ ಫೋಟೊ, ಕಳೆದ ಕೆಲವು ತಿಂಗಳ ತೂಕದ ಪಟ್ಟಿ, ಹಾಗೂ ಒಂದು ವಾರ ನಾಯಿ ತಿಂದದ್ದನ್ನೆಲ್ಲ, ಬಿಸ್ಕತ್ತನ್ನೂ ಬಿಡದೆ, ಬರೆದ ಚೀಟಿಯನ್ನು ಜೊತೆಗೊಯ್ಯಿರಿ.